ಬೀಗಿತ್ತಿಗಾಗಿ ಕಲಿತ ಗುಣವಾಚಕಗಳು

ಬೀಗಿತ್ತಿ ಇರಾನಿನಿಂದ ಬರುವುದು ಖಚಿತವಾದ ದಿನ ನನಗೆ ಖುಷಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಅವರಿಗೆ ಫಾರಸಿ ಬಿಟ್ಟರೆ ಬೇರೆ ಭಾಷೆ ಬಾರದು. ನನಗೆ ಮಾತಿಲ್ಲದೆ ಬದುಕಲು ಬಾರದು. ಜಯನಗರದ ನಮ್ಮ ಬೀದಿಯಲ್ಲಿ ಸೊಪ್ಪಿನವಳಿಂದ ಹಿಡಿದು ಗ್ಯಾಸ್ ಸಿಲಿಂಡರ್ ತರುವವನವರೆಗೆ ಯಾರೂ ನನ್ನಿಂದ ಬೇಗ ತಪ್ಪಿಸಿಕೊಂಡು ಹೋದವರಿಲ್ಲ. "ಇನ್ನು ಸ್ವಲ್ಪ ದಿನ ಮನೆ ತಣ್ಣಗಿರುತ್ತೆ ಬಿಡು" ಎಂದು ಯಜಮಾನರು ಪೇಪರಿನ ಹಿಂದಿನಿಂದಲೇ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಸೊಸೆ ಓದಲೆಂದು ಬೆಂಗಳೂರಿಗೆ ಬಂದವಳು. ಬಿಟಿಎಂ ಲೇಔಟಿನ ಪಿಜಿಯೊಂದರಲ್ಲಿದ್ದುಕೊಂಡು ಫಾರ್ಮಸಿ ಓದಿದಳು, ಅದೇ ಕಾಲೇಜಿನಲ್ಲಿ ನನ್ನ ಮಗನನ್ನು ಮೆಚ್ಚಿದಳು, ಜೊತೆಗಿದ್ದ ಹುಡುಗಿಯರಿಂದ ಕನ್ನಡವನ್ನೂ ಕಲಿತಳು. ನನ್ನ ಕೈಯ ಹುಳಿಯನ್ನು ಮೊದಲ ಸಲ ಉಂಡಾಗ "ಸಖತ್ತಾಗಿದೆ ಆಂಟಿ" ಎಂದಿದ್ದಳು. ಆ ಆಂಟಿ ಈಗ ಅತ್ತೆಯಾಗಿದ್ದೇನೆ. ಮದುವೆಯ ಹೊತ್ತಿಗೆ ಅವಳ ಅಪ್ಪ ಹಾಸಿಗೆ ಹಿಡಿದಿದ್ದರಿಂದ ಅಮ್ಮನಿಗೆ ಬರಲಾಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಈಗ ಮಗಳ ಬಾಣಂತನಕ್ಕೆಂದು ಮೊದಲ ಬಾರಿಗೆ ಬರುತ್ತಿದ್ದರು.

"ಅಮ್ಮ ಬರ್ತಿರೋದು ಮಗು ನೋಡೋಕೆ ಅಷ್ಟೇ ಅಲ್ಲ ಅತ್ತೆ" ಎಂದು ಒಂದು ಮಧ್ಯಾಹ್ನ ಸೊಸೆ ಹೇಳಿದಳು. "ನಾನಿಲ್ಲಿ ಚೆನ್ನಾಗಿದ್ದೀನಾ ಅಂತ ನೋಡೋಕೆ. ಫೋನಲ್ಲಿ ಎಷ್ಟು ಹೇಳಿದ್ರೂ ನಂಬಲ್ಲ. ನೀನು ಆ ಮನೆಗೆ ಸೊಸೆ, ಮಗಳಲ್ಲ ಅಂತಾರೆ."

ನನಗೆ ಸಂಕಟವಾಯಿತು. ತಪ್ಪು ಅವರದಲ್ಲ, ಕಾಣದ ಊರಿಗೆ ಮಗಳನ್ನು ಕೊಟ್ಟ ತಾಯಿ ಇನ್ನೇನು ತಾನೇ ಅಂದುಕೊಂಡಾರು? "ಅವರು ವಾಪಸ್ ಹೋಗುವಾಗ ಏನು ಹೇಳಿದ್ರೆ ನಾನು ಗೆದ್ದೆ ಅಂದ್ಕೋಬೇಕು?" ಎಂದು ಕೇಳಿದೆ. ಅವಳು ಹೇಳಿದಳು: "ರಾಹತ್. ಅಂದ್ರೆ ನೆಮ್ಮದಿಯಾಗಿ. ಅಪ್ಪ ಹೋದ್ಮೇಲೆ ಅಮ್ಮ ಆ ಮಾತು ಹೇಳಿದ್ದು ನಾನು ಕೇಳಿಲ್ಲ." ಹೀಗೆ ನಾನು ಕಲಿತ ಮೊದಲ ಫಾರಸಿ ಗುಣವಾಚಕ ನಾನು ಆಡುವುದಕ್ಕಲ್ಲ, ಕೇಳಿಸಿಕೊಳ್ಳುವುದಕ್ಕೆ.

ಅದು ಅವರೆಕಾಯಿಯ ಕಾಲ. ಮಧ್ಯಾಹ್ನ ಊಟವಾದ ಮೇಲೆ ನಾವಿಬ್ಬರೂ ನೆನೆಸಿದ ಕಾಳು ಹಿಚುಕುತ್ತ ಕೂರುತ್ತಿದ್ದೆವು. ಅವಳು ತುಂಬು ಬಸುರಿ, ಪಾತ್ರೆಯನ್ನು ಹೊಟ್ಟೆಗೇ ಆನಿಸಿಕೊಂಡಿರುತ್ತಿದ್ದಳು. ಫಾರಸಿ ಪಾಠವನ್ನು ಅನ್ನ, ನೀರು, ಕುರ್ಚಿ ಎಂದು ಶುರು ಮಾಡಲು ಹೋದವಳನ್ನು ನಾನೇ ತಡೆದೆ.

"ಅದೆಲ್ಲ ಬೇಡ ಕಣೆ. ನೀರು ಬೇಕಾ ಅಂತ ಲೋಟ ತೋರಿಸಿ ಕೇಳ್ತೀನಿ. ಊಟ ಮಾಡಿ ಅನ್ನೋಕೆ ಕೈ ಬಾಯಿ ಹತ್ರ ತಗೊಂಡು ಹೋದ್ರಾಯ್ತು. ಸಾರು ಖಾರ ಆಯ್ತಾ, ಸಪ್ಪೆ ಆಯ್ತಾ ಅಂತ ಹೇಗೆ ತೋರಿಸ್ಲಿ? ಅದನ್ನ ಕಲಿಸು."

ಗರ್ಮ್ ಎಂದರೆ ಬಿಸಿ. ಸರ್ದ್ ಎಂದರೆ ತಣ್ಣಗೆ. ತಾಜೆ, ಖಾಲಿ ಎಂದಾಗ ನಾನು ಕಾಳು ಹಿಚುಕುವುದನ್ನೇ ನಿಲ್ಲಿಸಿದೆ. ಇವೆಲ್ಲ ನಮ್ಮ ಮನೆಯಲ್ಲೇ ಓಡಾಡಿಕೊಂಡಿದ್ದ ಮಾತುಗಳು! ಕಷ್ಟದ್ದಕ್ಕೆ, ಗಟ್ಟಿಯಾದದ್ದಕ್ಕೆ ಅವರು ಸಖ್ತ್ ಅನ್ನುತ್ತಾರಂತೆ. ನನ್ನ ಹುಳಿಗೆ ಸಿಕ್ಕ ಸರ್ಟಿಫಿಕೇಟು ನೆನಪಾಗಿ ಇಬ್ಬರೂ ನಕ್ಕೆವು. ಹೊಸದಾಗಿ ಕಲಿಯಬೇಕಾದದ್ದು ತೊಂದ್, ಅಂದರೆ ಖಾರ. ತಲ್ಖ್, ಕಹಿ. ಕೂಚೆಕ್, ಚಿಕ್ಕದು. ಖೊಷ್‌ಗೆಲ್, ಚೆಂದ. ಜೆಶ್ತ್, ಕುರೂಪ.

"ಬಿಸಿ ಟೀ" ಎನ್ನಲು ನಾನು "ಗರ್ಮ್ ಚಾಯ್" ಎಂದರೆ ಅವಳು ತಲೆಯಾಡಿಸುತ್ತಿದ್ದಳು. "ಟೀ ಮೊದಲು ಅತ್ತೆ. ಚಾಯ್, ಆಮೇಲೆ ಒಂದು ಎ, ಆಮೇಲೆ ಗರ್ಮ್. ಚಾಯೆ ಗರ್ಮ್." ಮೊದಲು ವಸ್ತುವನ್ನು ಮುಂದಿಟ್ಟು ಆಮೇಲೆ ಅದರ ಗುಣ ಹೇಳಬೇಕಂತೆ. ನಾನೋ ಎದುರಿಗಿದ್ದವರನ್ನು ಸರಿಯಾಗಿ ನೋಡುವ ಮುಂಚೆಯೇ ಗುಣ ಹೇಳಿಬಿಡುವವಳು. ನಾಲಿಗೆ ಹೊರಳಲು ಬಹಳ ದಿನ ಬೇಕಾಯಿತು. ಇನ್ನಷ್ಟು ಎನ್ನುವುದಕ್ಕೆ ಮಾತ್ರ ಸುಲಭದ ದಾರಿಯಿತ್ತು. ಕೊನೆಗೊಂದು ತರ್ ಸೇರಿಸಿದರೆ ಮುಗಿಯಿತು: ಗರ್ಮ್‌ತರ್, ಇನ್ನೂ ಬಿಸಿ. ತುಂಬಾ ಅನ್ನಬೇಕಾದರೆ ಮುಂದೆ ಖೇಲಿ. ಅಡುಗೆಮನೆ ಆಳಲು ಇಷ್ಟು ಸಾಕು ಎಂದು ನಾನು ಬೀಗಿದೆ.

ಬೀಗಿತ್ತಿ ಬಂದರು. ಎತ್ತರದ ಹೆಂಗಸು, ಕತ್ತಿನವರೆಗೆ ಕತ್ತರಿಸಿದ ಬೆಳ್ಳಿ ಕೂದಲು, ಮಾತು ಕಡಿಮೆ, ಕಣ್ಣು ಮಾತ್ರ ಎಲ್ಲ ಕಡೆ. ಮಗಳಿಗೆ ನಾನು ಬಡಿಸುವ ಅನ್ನದ ಪ್ರಮಾಣವನ್ನೂ ಅವರು ಗಮನಿಸುತ್ತಿದ್ದರು. ಮೊದಲ ದಿನ ಸಾರು ಬಡಿಸಿ "ತೊಂದ್?" ಎಂದು ಕೇಳಿದೆ. ಕಣ್ಣಲ್ಲಿ ನೀರು ತುಂಬಿಕೊಂಡೇ "ಖೂಬ್, ಖೂಬ್" ಎಂದರು, ಚೆನ್ನಾಗಿದೆ ಎಂದು. ನಮ್ಮವರ ಹಾಗೆಯೇ ಮರ್ಯಾದೆಗೆ ಸುಳ್ಳು ಹೇಳುವವರು ಎಂದು ತಿಳಿದು ಸಮಾಧಾನವೂ ಆಯಿತು, ಚಿಂತೆಯೂ ಆಯಿತು. ಮೂರ್ನಾಲ್ಕು ದಿನದ ಮೇಲೆ ನನ್ನ ಕಾಫಿ ಗುಟುಕರಿಸಿ, ಮುಖ ಕಿವುಚಿ, "ತಲ್ಖ್" ಎಂದುಬಿಟ್ಟರು. ಜೀವಮಾನದಲ್ಲಿ ನನ್ನ ಕಾಫಿಗೆ ಹೆಸರಿಟ್ಟವರಿಲ್ಲ. ಆದರೂ ಆ ದಿನ ನನಗೆ ಹಬ್ಬವಾದಂತಾಯಿತು, ನಿಜ ಹೇಳುವಷ್ಟು ಸಲಿಗೆ ಬಂದಿತಲ್ಲ.

ಹೆರಿಗೆಯಾಯಿತು. ಮೊಮ್ಮಗಳು ಮನೆಗೆ ಬಂದಳು. ಹಾಲು ಬಣ್ಣ, ತಲೆ ತುಂಬ ಕೂದಲು. ಬರೆಯುವಾಗಲೂ ಇದಕ್ಕಿಂತ ಹೆಚ್ಚು ಹೊಗಳಲು ನನಗೆ ಧೈರ್ಯವಿಲ್ಲ.

ಒಂದು ಬೆಳಿಗ್ಗೆ ಸೊಸೆ ಎಣ್ಣೆನೀರಿಗೆ ಹೋಗಿದ್ದಾಗ ಎದುರುಮನೆಯಾಕೆ ಮಗು ನೋಡಲು ಬಂದರು. "ಅಯ್ಯೋ, ಏನು ಬಣ್ಣ ರೀ! ಏನು ಕಣ್ಣು! ಬೊಂಬೆ ಥರ ಇದೆ. ನಮ್ಮ ಏರಿಯಾದಲ್ಲೇ ಇಂಥ ಮಗು ನೋಡಿಲ್ಲ" ಎಂದು ಕೆನ್ನೆ ಸವರಿ, ಮತ್ತೆ ಮತ್ತೆ ನೋಡಿ, ಹೋದರು. ಅವರು ಗೇಟು ದಾಟುವುದಕ್ಕೂ ಮಗು ಕಿರ್ರೋ ಎಂದು ಅಳುವುದಕ್ಕೂ ಸರಿಹೋಯಿತು. ನಾನು ಮಗುವನ್ನೆತ್ತಿಕೊಂಡು, ನಮ್ಮಜ್ಜಿ ನನಗೆ ಹೇಳುತ್ತಿದ್ದಂತೆಯೇ ಹೇಳತೊಡಗಿದೆ: "ಯಾರೇ ನಿನ್ನ ಚೆಂದ ಅಂದಿದ್ದು? ಕೋತಿಮರಿ! ಸೊಟ್ಟಮೂತಿ!" ಪಕ್ಕದಲ್ಲೇ ನಿಂತಿದ್ದ ಬೀಗಿತ್ತಿಗೆ ತಿಳಿಯದೆ ಹೋದೀತಲ್ಲ ಎಂದು, ಕಲಿತ ವಿದ್ಯೆಯನ್ನೆಲ್ಲ ಒಟ್ಟುಗೂಡಿಸಿ ಜೋರಾಗಿ ಹೇಳಿದೆ: "ಜೆಶ್ತ್! ಖೇಲಿ ಜೆಶ್ತ್!"

ಕುರೂಪಿ, ತುಂಬಾ ಕುರೂಪಿ. ಅವರ ಹೊಟ್ಟೆಯಲ್ಲಿ ಹುಟ್ಟಿದ ಮಗಳ ಮಗಳನ್ನು, ಅವರದೇ ಭಾಷೆಯಲ್ಲಿ!

ಅವರ ಮುಖ ಕಪ್ಪಿಟ್ಟಿತು. ಮಗುವನ್ನು ನನ್ನ ತೋಳಿನಿಂದ ತೆಗೆದುಕೊಂಡು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಸರ್ರೆಂದು ಸೂಟ್‌ಕೇಸಿನ ಜಿಪ್ ಎಳೆದ ಸದ್ದು ಬಂತು. ಹೊರಟೇಬಿಟ್ಟರು! ಕೈಯಾರೆ ಕೆಡಿಸಿದೆ! ನಾನು ಅಂದದ್ದು ಹಾಗಲ್ಲ, ನಮ್ಮಲ್ಲಿ ಪ್ರೀತಿಯ ಮಕ್ಕಳನ್ನು ಹೀಗೇ ಕರೆಯುವುದು ಎನ್ನಲು ನನಗೆ ಗೊತ್ತಿದ್ದ ಬಿಸಿ, ತಣ್ಣಗೆ, ಖಾರ, ಕಹಿ ಯಾವುದೂ ಉಪಯೋಗಕ್ಕಿರಲಿಲ್ಲ. ಬಿಡಿಸಿ ಹೇಳಬೇಕಾದ ಸೊಸೆ ಇನ್ನೂ ಬಚ್ಚಲಿನಲ್ಲಿದ್ದಳು.

ಬಾಗಿಲು ತೆರೆಯಿತು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಚಿಕ್ಕ ಬಟ್ಟೆಯ ಪೊಟ್ಟಣ. ನೇರ ಅಡುಗೆಮನೆಗೆ ನಡೆದು, ಮಗುವನ್ನು ನನ್ನ ತೋಳಿಗೇ ಹಿಂತಿರುಗಿಸಿ, ಒಲೆಯ ಮೇಲೆ ಒಗ್ಗರಣೆ ಸೌಟು ಇಟ್ಟರು. ಪೊಟ್ಟಣದಿಂದ ಸಾಸಿವೆಯಂಥ ಕಂದು ಕಾಳನ್ನು ಮುಷ್ಟಿಯಲ್ಲಿ ಹಿಡಿದು ಮಗುವಿನ ತಲೆಯ ಸುತ್ತ ಸುತ್ತಿಸಿ, ಏನನ್ನೋ ಮಣಮಣಿಸಿ, ಸೌಟಿಗೆ ಹಾಕಿದರು. ಪಟಪಟ ಸಿಡಿದು ಹೊಗೆ ಎದ್ದಿತು. ಬೀಗಿತ್ತಿ ಬೀದಿಯ ಕಡೆ, ಎದುರುಮನೆಯ ಕಡೆ ಕಣ್ಣು ಕೆಕ್ಕರಿಸಿ ನೋಡಿದರು. ಆಮೇಲೆ ಮಗುವಿನ ಮೂಗಿಗೆ ಬೆರಳು ತಾಗಿಸಿ ಸ್ಪಷ್ಟವಾಗಿ ಹೇಳಿದರು: "ಜೆಶ್ತ್. ಖೇಲಿ ಜೆಶ್ತ್."

ನನಗೆ ಅಳು ಬಂತು, ನಗುವೂ ಬಂತು. ಮಗುವನ್ನು ಅವರಿಗೆ ಕೊಟ್ಟು ಉಪ್ಪು, ಒಣಮೆಣಸಿನಕಾಯಿ ತಂದು ನಾನೂ ನಿವಾಳಿಸಿ ಅದೇ ಸೌಟಿಗೆ ಹಾಕಿದೆ. ಘಾಟಿಗೆ ಇಬ್ಬರೂ ಕೆಮ್ಮುತ್ತ ಮಗುವಿನ ಸಮೇತ ಹಿತ್ತಲಿಗೆ ಓಡಿದೆವು. ತಲೆಗೆ ಟವೆಲ್ ಸುತ್ತಿಕೊಂಡು ಸೊಸೆ ಓಡಿಬಂದಳು.

"ಅತ್ತೆ, ಏನಾಯ್ತು? ಬೆಂಕಿ ಬಿತ್ತಾ?"

ಅಮ್ಮ ಮಗಳು ಫಾರಸಿಯಲ್ಲಿ ಗಡಿಬಿಡಿಯಿಂದ ಮಾತಾಡಿದರು. ಸೊಸೆ ನನ್ನ ಕಡೆ ತಿರುಗಿದಳು. "ಅಮ್ಮಂಗೆ ಕೋಪ ಬಂದಿದ್ದು ಆ ಆಂಟಿ ಮೇಲೆ ಅತ್ತೆ, ನಿಮ್ಮ ಮೇಲಲ್ಲ. ಹಾಗೆಲ್ಲ ನೋಡಿದ್ರೆ ಕಣ್ಣು ಬೀಳುತ್ತೆ ಅಂತ. ನೀವು ಜೆಶ್ತ್ ಅಂದಿದ್ದು ಕೇಳಿ, ಇವರಿಗೂ ಗೊತ್ತಿದೆ ಅಂದ್ಕೊಂಡ್ರಂತೆ." ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕುಸಿದು ಕುಳಿತೆ. ಅಷ್ಟು ಹಗುರವಾಗಿ ನಾನು ಉಸಿರು ಬಿಟ್ಟು ಬಹಳ ಕಾಲವಾಗಿತ್ತು.

ಅವರು ಹೊರಡುವ ದಿನ ಬಂದೇಬಂತು. ಬಾಗಿಲಲ್ಲಿ ಕಾರು ನಿಂತಿತ್ತು. ಉಳಿದ ಕಾಳಿನ ಪೊಟ್ಟಣವನ್ನು ನನ್ನ ಕೈಗಿತ್ತು, ಮಗುವಿನ ಕಡೆ ಗಲ್ಲ ಆಡಿಸಿದರು. ನೀವೇ ನೋಡಿಕೊಳ್ಳಿ ಎಂದು. ನಾನು ಅಲ್ಲೇ ಒಂದು ಹಿಡಿ ತೆಗೆದು ಮಗುವಿಗೆ ನಿವಾಳಿಸಿ "ಜೆಶ್ತ್" ಎಂದೆ. ಅವರು ನಕ್ಕರು. ಆಗ ಬಾಗಿಲಿಗೊರಗಿ ಮೂಗು ಕೆಂಪಗೆ ಮಾಡಿಕೊಂಡು ಅಳುತ್ತಿದ್ದ ಸೊಸೆ ಕಣ್ಣಿಗೆ ಬಿದ್ದಳು. ಬಾಣಂತನದ ಎಣ್ಣೆ, ತುಪ್ಪ ಎಲ್ಲ ಅವಳ ಕೆನ್ನೆಯಲ್ಲಿ ಹೊಳೆಯುತ್ತಿತ್ತು. ಇವಳಿಗೂ ಕಣ್ಣು ಬಿದ್ದರೆ?

"ಬಾರೆ ಇಲ್ಲಿ" ಎಂದೆ. ಅವಳನ್ನು ಎಳೆದು ನಿಲ್ಲಿಸಿ, ಅದೇ ಹಿಡಿಯನ್ನು ತಲೆಯಿಂದ ಪಾದದವರೆಗೆ ಮೂರು ಸುತ್ತು ಸುತ್ತಿಸಿ, ಅವಳ ಅಮ್ಮನ ಮುಖ ನೋಡಿಯೇ ಹೇಳಿದೆ: "ಈನ್ ಜೆಶ್ತ್‌ತರ್." ಇವಳು ಇನ್ನೂ ಕುರೂಪಿ.

ಬೀಗಿತ್ತಿ ನಗಲು ಹೋಗಿ ಆಗದೆ, ಎರಡೂ ಕೈಯಿಂದ ನನ್ನ ಕೆನ್ನೆ ಹಿಡಿದುಕೊಂಡರು. ಏನೋ ಹೇಳಿದರು. ಅದರಲ್ಲಿ ನನಗೆ ತಿಳಿದದ್ದು ಒಂದೇ ಮಾತು, ರಾಹತ್. ಸೊಸೆ ಅರ್ಥ ಹೇಳಲು ಬಾಯಿ ತೆರೆದಳು, ನಾನು ಬೇಡವೆಂದೆ.