ಟೆರೇಸಿನ ಮೇಲೆ ಜಯಲತಾಳ ಹುಣ್ಣಿಮೆ

ನೌಪಾಡಾದ ಕಣ್ಣಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟಾಗಿದ್ದ ಜಯಲತಾ ತನ್ನ ನಲವತ್ತಾರನೆಯ ವಯಸ್ಸಿನಲ್ಲಿ ವಿಚ್ ಆಗಬೇಕೆಂದು ತೀರ್ಮಾನಿಸಿದ್ದು ಡೊಂಬಿವಲಿಯ ಲೋಕಲ್ ರೈಲಿನಲ್ಲಿ, ನಿಂತುಕೊಂಡೇ. ಫೋನಿನಲ್ಲಿ ವಿಕ್ಕಾ ಎಂಬ ಪಂಥದ ಬಗ್ಗೆ ಓದುತ್ತಿದ್ದಳು. ಚಂದ್ರನನ್ನು, ಋತುಗಳನ್ನು, ಒಬ್ಬ ದೇವಿಯನ್ನು ಪೂಜಿಸುವವರು; ತಮ್ಮನ್ನು ತಾವೇ ವಿಚ್, ಅಂದರೆ ಮಾಟಗಾತಿ, ಎಂದು ಕರೆದುಕೊಳ್ಳುವವರು; ಯಾರಿಗೂ ಕೇಡು ಮಾಡಬಾರದೆಂಬುದು ಅವರ ನಿಯಮ. ಅದು ಹಿಡಿಸಿತು. ಅದಕ್ಕಿಂತ ಹೆಚ್ಚು ಹಿಡಿಸಿದ್ದು ಅವರ ಆನ್‌ಲೈನ್ ಗುಂಪಿಗೆ ಸೇರುವ ಫಾರಂನ ಮೊದಲ ಪ್ರಶ್ನೆ: ನೀವು ಯಾರಾಗಲು ಬಯಸುತ್ತೀರಿ? ಉಡುಪಿಯಲ್ಲಿ ತವರಿನ ದೇವರು, ಇಲ್ಲಿ ಗಂಡನ ಮನೆಯ ದೇವರು. ಅವಳನ್ನು ಹೀಗೆ ಯಾರೂ ಕೇಳಿರಲಿಲ್ಲ.

ಉತ್ತರ ಸುಲಭವಿರಲಿಲ್ಲ; ವಿಚ್‌ಗಳಲ್ಲೇ ಹಲವು ಬಗೆ. ಒಂದು ವಾರ ಅಡುಗೆಮನೆಯ ವಿಚ್ ಆದಳು. ಸಾರನ್ನು ಗಡಿಯಾರದ ದಿಕ್ಕಿನಲ್ಲೇ ತಿರುಗಿಸುತ್ತ ನಿಂತು ಎಂಟು ಹದಿಮೂರರ ಲೋಕಲ್ ತಪ್ಪಿಸಿಕೊಂಡಳು. ಮುಂದಿನ ವಾರ ಗಿಡಮೂಲಿಕೆಯ ವಿಚ್. ಬಾಲ್ಕನಿಯ ರೋಸ್‌ಮೇರಿ ಕುಂಡದಲ್ಲಿ ಪಾರಿವಾಳ ಮೊಟ್ಟೆಯಿಟ್ಟಿತು. ಕೆಟ್ಟ ಗಾಳಿಯನ್ನು ಗುಡಿಸಲು ಹೊಸ ಪೊರಕೆ ತಂದಳು. ಅದು ನೆಲಕ್ಕೆ ತಾಗಬಾರದು. ಅತ್ತೆ ಉಮಾವತಿ ಅದರಲ್ಲೇ ಬಚ್ಚಲು ತೊಳೆದರು.

"ಹಿಡಿಸೂಡಿ ಇರುವುದು ಶೋಕೇಸಿಗಾ ಮಾರಾಯ್ತಿ?"

ಹುಣ್ಣಿಮೆಗೆ ಮೊದಲ ಪೂಜೆ ಮಾಡೋಣವೆಂದರೆ ಎದುರಿನ ಟವರು ಚಂದ್ರನಿಗೆ ಅಡ್ಡ. ಟೆರೇಸಿನ ಕೀ ಸೊಸೈಟಿಯ ಸೆಕ್ರೆಟರಿ ತಾರಾನಾಥರಲ್ಲಿತ್ತು. ಕಾರಣ ಬರೆದು ಅರ್ಜಿ ಕೊಡಬೇಕು. 'ಚಂದ್ರಪೂಜೆ' ಎಂದು ಬರೆದಳು. ಯಾಕೋ ಸುಳ್ಳು ಹೇಳಿದಂತಾಯಿತು. ಹೊಡೆದುಹಾಕಿ 'ವಿಕ್ಕಾ' ಎಂದು ಬರೆದಳು.

"ಇದೆಂತ ಜಯಕ್ಕ, ಝುಂಬಾ ಡ್ಯಾನ್ಸಿನ ಹಾಗೆಯಾ?"

"ಅಲ್ಲ ತಾರಾನಾಥಣ್ಣ. ನಾನು... ವಿಚ್."

ಅವರು ಕನ್ನಡಕ ತೆಗೆದರು. "ಮಾಟವಾ?"

"ಯಾರಿಗೂ ಎಂತದೂ ಆಗುವುದಿಲ್ಲ."

"ಯಾರಿಗೂ?" ಅವರ ಮುಖದಲ್ಲಿ ಹೆದರಿಕೆಗಿಂತ ನಿರಾಸೆಯೇ ಹೆಚ್ಚು ಕಂಡಿತು. "ನಾಲ್ಕನೇ ಮಾಳಿಗೆಯವ ದಿನಾ ಗೇಟಿಗೆ ಅಡ್ಡ ಕಾರು ನಿಲ್ಲಿಸುತ್ತಾನೆ. ಅವನಿಗೂ ಆಗುವುದಿಲ್ಲವಾ?"

"ಇಲ್ಲ."

"ಹಾಗಾದರೆ ಕಮಿಟಿಗೆ ಪ್ರಾಬ್ಲಮ್ ಇಲ್ಲ. ಎಂಟರೊಳಗೆ ಕೀ ಕೊಡಿ. ಹಪ್ಪಳ ತುಳಿಯಬೇಡಿ."

ಸಂಜೆ ಏಳಕ್ಕೆ ಹೊರಟಾಗ ಅತ್ತೆಯೂ ಹಿಂದೆಯೇ ಬಂದರು. ಜಯಲತಾ ಉಪ್ಪಿನಲ್ಲಿ ವೃತ್ತ ಬರೆಯುವಷ್ಟರಲ್ಲಿ ಅವರು ನಡುವೆ ಬಕೆಟ್ಟು ಬೋರಲು ಹಾಕಿ ಕೂತಾಗಿತ್ತು.

"ಪೂಜೆ ಮುಗಿಯುವವರೆಗೆ ಇದರಿಂದ ಆಚೆ ಹೋಗಬಾರದು ಅತ್ತೆ."

"ನನಗೆ ಬಾತ್‌ರೂಮಿಗೆ ಹೋಗಬೇಕಲ್ಲ."

ಅದಕ್ಕೂ ವಿಧಿಯಿತ್ತು: ಮಂತ್ರದಂಡದಿಂದ ಗಾಳಿಯಲ್ಲಿ ಬಾಗಿಲು ಕೊರೆಯಬೇಕು. ಜಯಲತಾ ಲಟ್ಟಣಿಗೆಯಿಂದ ಕೊರೆದಳು. ಅತ್ತೆ ಒಮ್ಮೆ ಸೊಸೆಯನ್ನು, ಒಮ್ಮೆ ಗಾಳಿಯನ್ನು ನೋಡಿ, ಇಲ್ಲದ ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಹೊರಟರು. ಬರುವಾಗಲೂ ಅಲ್ಲಿಂದಲೇ ಬಗ್ಗಿ ಬಂದರು.

ಕೊನೆಗೆ ಚಂದ್ರನೆದುರು ತಾನೇ ಆರಿಸಿಕೊಂಡ ಹೆಸರು ಹೇಳಬೇಕಿತ್ತು. ಗುಂಪಿನವರು ಕಳಿಸಿದ ಇಂಗ್ಲಿಷ್ ಹೆಸರುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಜಯಲತಾ" ಎಂದಳು, ಸಣ್ಣ ದನಿಯಲ್ಲಿ. ಹೇಳಿದ ಮೇಲೆ ಆ ಹೆಸರು ಅಷ್ಟೇನೂ ಕೆಟ್ಟದಾಗಿ ಕೇಳಲಿಲ್ಲ.

"ನಾನೂ ಹೇಳಬಹುದಾ?" ಎಂದರು ಅತ್ತೆ. ಎದ್ದು ನಿಂತು ಸೆರಗು ಸರಿಮಾಡಿಕೊಂಡರು. "ವಿನೋದಾ."

"ಅದು ಯಾರು?"

"ನಾನೇ. ಮದುವೆಯಾಗಿ ಬರುವಾಗ ಇಲ್ಲಿ ವಿನೋದಾ ಅಂತ ನಾದಿನಿ ಇದ್ದಳು. ಕರೆಯುವಾಗ ಗೊಂದಲ ಆಗುತ್ತದೆ ಅಂತ ನನ್ನನ್ನು ಉಮಾವತಿ ಮಾಡಿದರು. ಐವತ್ತೆರಡು ವರ್ಷ ಆಯಿತು." ಅವರು ಚಂದ್ರನ ಕಡೆ ತಿರುಗಿ ಇನ್ನೂ ಗಟ್ಟಿಯಾಗಿ ಕೂಗಿದರು: "ವಿನೋದಾ!"

ಪಕ್ಕದ ಟೆರೇಸಿನಲ್ಲಿ ಬಟ್ಟೆ ತೆಗೆಯುತ್ತಿದ್ದ ಹೆಂಗಸು ಇಣುಕಿ, ಯಾರದು ಎಂದು ಮರಾಠಿಯಲ್ಲಿ ಕೇಳಿದಳು. "ಕೋಣ್ ವಿನೋದಾ?"

"ಮೀಚ್! ನಾನೇ!" ಎಂದರು ಅತ್ತೆ. ಜಯಲತಾ ನಗಲು ಹೊರಟವಳು ಅವರ ಕೈ ಹಿಡಿದುಕೊಂಡಳು.

ಮರುದಿನ ಬೆಳಿಗ್ಗೆ ಅವಳು "ವಿನೋದತ್ತೆ, ಕಾಫಿ" ಎಂದು ಕರೆದಾಗ, ಮಾಜಿವಾಡಾದ ಹೊಟೇಲಿಗೆ ಡ್ಯೂಟಿಗೆ ಹೊರಟಿದ್ದ ಗಂಡ ಸುದರ್ಶನ ಗಾಬರಿಯಿಂದ ತಲೆಯೆತ್ತಿದ.

"ಯಾರು ಬಂದಿದ್ದಾರೆ?"

"ನಾನೇ," ಎಂದರು ಅವನ ಅಮ್ಮ ಒಳಗಿನಿಂದ. "ಬಂದು ತುಂಬ ವರ್ಷ ಆಯಿತು. ನಿನಗೆ ದೋಸೆ ಎರಡಾ, ಮೂರಾ?"