ಸುಗ್ಗಿಗೆ ಮೊದಲೇ ಹಾಕಿದ ಹೆಜ್ಜೆ

ಹೆಗ್ಗದ್ದೆ ಕಡೆಯ ನಮ್ಮೂರಲ್ಲಿ ಸುಗ್ಗಿ ಕುಣಿತದ ಮುಂದಾಳು ಹೂವಣ್ಣ. ಉಳಿದ ದಿನ ಎಸ್ಟೇಟಿನಲ್ಲಿ ಮರ ಹತ್ತಿ ಕೊಂಬೆ ಕಡಿಯುವ ಆಳು. ಸುಗ್ಗಿ ಬಂತೆಂದರೆ ಎಸ್ಟೇಟ್ ಮಾಲೀಕರೂ ಅವನ ಹಿಂದೆಯೇ ಹೆಜ್ಜೆ ಹಾಕಬೇಕು. ಕಟ್ಟಳೆ ಒಂದೇ: ಸುಗ್ಗಿ ಬಿಟ್ಟು ಬೇರೆ ದಿನ ಆ ಹೆಜ್ಜೆ ಹಾಕಕೂಡದು.

ಅವನ ಮಗಳು ಸುಮನಾ ಆ ಕುಣಿತದ ಮೇಲೆಯೇ ಪಿಎಚ್.ಡಿ. ಮಾಡುತ್ತಿದ್ದಳು. ೨೦೦೩ರ ಫೆಬ್ರವರಿಯಲ್ಲಿ ಪ್ರಗತಿ ಪರಿಶೀಲನೆ. ಕುಣಿತದ ವಿಡಿಯೊ ತರದಿದ್ದರೆ ನೋಂದಣಿ ರದ್ದು ಎಂದು ಯೂನಿವರ್ಸಿಟಿಯವರು ಹೇಳಿದ್ದರು. ನಮ್ಮ ಕಡೆ ಸುಗ್ಗಿ ಹಬ್ಬವೋ ಏಪ್ರಿಲ್‌ನಲ್ಲಿ. ಎರಡು ತಿಂಗಳು ಕಾಯಲು ಆ ದೊಡ್ಡ ಮನುಷ್ಯರಿಗೆ ಏನು ಧಾಡಿಯೋ!

“ಅಳಬ್ಯಾಡ ಕಣವ್ವ” ಎಂದ ಹೂವಣ್ಣ, ಗೆಜ್ಜೆ ಕಟ್ಟಿ, ಡೋಲೂ ಇಲ್ಲದೆ, ಮನೆಯಂಗಳದಲ್ಲಿ ಒಬ್ಬನೇ ಕುಣಿದ. ಮಗಳು ಕ್ಯಾಮೆರಾ ಹಿಡಿದಿದ್ದಳು. ಬೇಲಿಯಾಚೆ ಹೋಗುತ್ತಿದ್ದವರು ನೋಡಿಬಿಟ್ಟರು.

ಇನ್ನು ಹೂವಣ್ಣ ಸುಗ್ಗಿ ಕುಣಿಯುವ ಬಯಲಿಗೆ ಕಾಲಿಡುವಂತಿಲ್ಲ ಎಂದು ಊರು ತೀರ್ಮಾನಿಸಿತು. ಯಾರೂ ಬೈಯಲಿಲ್ಲ. ಮನೆಗೆ ಬಂದು ಗೆಜ್ಜೆ ಇಸಕೊಂಡು ಹೋದರು, ಅಷ್ಟೆ.

ಪರಿಶೀಲನೆಯಲ್ಲಿ ಪ್ರೊಫೆಸರು ಅರ್ಧಕ್ಕೇ ವಿಡಿಯೊ ನಿಲ್ಲಿಸಿದರು. “ಒಬ್ಬರೇ ಕುಣಿದರೆ ಏನಮ್ಮ ತಿಳಿಯುತ್ತೆ? ಏಪ್ರಿಲ್‌ವರೆಗೆ ಟೈಮ್ ಕೊಡ್ತೀವಿ. ಸುಗ್ಗೀಲಿ ಇವರನ್ನೇ ತಂಡದ ಜೊತೆ ಕುಣಿಸಿ ತಗೊಂಡು ಬಾ.”

ಊರಿಗೆ ಬಂದ ಮಗಳನ್ನು ಹೂವಣ್ಣ ಬಾಗಿಲಲ್ಲೇ ಕೇಳಿದ, “ಏನಂದ್ರವ್ವ?”

“ಚೆನ್ನಾಗಿ ಕುಣಿದವ್ರೆ ಅಂದ್ರು ಅಪ್ಪಯ್ಯ.”

“ಗೆಜ್ಜೆ ಹೋದ್ರೆ ಹೋಗ್ಲಿ ಬುಡು,” ಎಂದ ಹೂವಣ್ಣ. “ನಿನ್ ಕೆಲ್ಸ ಆಯ್ತಲ್ಲ.”