ಟಾಕೀಸಿನ ಮಾಳಿಗೆಯ ಮೇಲೆ ಕಾಳಿಬಾಯಿ

ದಾಂಡೇಲಿಯ ಬೀದಿದೀಪಗಳು ಇನ್ನೂ ಆರಿಲ್ಲ. ಚನಬಸಪ್ಪನವರ ಟಾಕೀಸಿನ ಹಿಂಗೋಡೆಗೆ ಬಡಿದ ಕಬ್ಬಿಣದ ಏಣಿಯನ್ನು ಕಾಳಿಬಾಯಿ ಹತ್ತುತ್ತಿದ್ದಾಳೆ. ಸೆರಗು ಸೊಂಟಕ್ಕೆ ಬಿಗಿದಿದೆ, ಒಂದು ಕೈಯಲ್ಲಿ ಬುರುಸು. ಮಾಳಿಗೆಯ ಮೇಲೆ ಎತ್ತಿನ ಗಾಡಿಯಷ್ಟು ಉದ್ದದ ತಗಡಿನ ಪೆಟ್ಟಿಗೆ ಕೂತಿದೆ. ಅದರ ಮುಚ್ಚಳ ಬಿಚ್ಚಿ, ಗಾಳಿ ಸೋಸುವ ಜಾಳಿಗೆಗಳನ್ನು ಎಳೆದು ಹಾಕಿ ತಿಕ್ಕಲು ಕೂರುತ್ತಾಳೆ. ನಿನ್ನೆಯ ಆಟಗಳ ಬೀಡಿ ಹೊಗೆ, ಊರಿನ ಧೂಳು, ಬಿದಿರಿನ ಪುಡಿ ಎಲ್ಲವೂ ಕಪ್ಪು ನೀರಾಗಿ ಇಳಿಯುತ್ತದೆ.

"ಹೊತ್ತ ಏರಿತಂದ್ರ ಈ ತಗಡು ರೊಟ್ಟಿ ಹಂಚ ಆಗತೈತ್ರಿ. ಅದಕ್ಕ ನಸುಕಿನ್ಯಾಗ ಬರ್ತೇನಿ," ಎನ್ನುತ್ತಾಳೆ ತಲೆಯೆತ್ತದೆ.

ಕಾಳಿಬಾಯಿಯದು ಮುಂಡಗೋಡ ತಾಲೂಕಿನ ಇಂದೂರಿನ ಹತ್ತಿರದ ಲಂಬಾಣಿ ತಾಂಡಾ. ದಾಂಡೇಲಿಯಲ್ಲಿ ಕಟ್ಟಡಗಳ ಕೆಲಸ ಜೋರಾಗಿದ್ದ ಕಾಲದಲ್ಲಿ ಗಂಡ ಕಾಶಿರಾಮನ ಜೊತೆ ಕೂಲಿಗೆ ಬಂದವಳು. ಕಾಶಿರಾಮ ಕಾಗದದ ಕಾರ್ಖಾನೆಗೆ ಬಿದಿರು ಇಳಿಸುವ ಕೆಲಸ ಹಿಡಿದ. ಇವಳು ಇದೇ ಟಾಕೀಸಿಗೆ ಕಲ್ಲು ಹೊತ್ತು, ಕಟ್ಟಡ ಮುಗಿದ ಮೇಲೆ ಕಸ ಗುಡಿಸಲು ನಿಂತಳು. ೧೯೬೩ರಲ್ಲಿ ಮುಂಬಯಿಯ ಹಳೆಯ ಥೇಟರಿನಿಂದ ಒಳಗಿನ ಗಾಳಿ ತಂಪು ಮಾಡುವ ಈ ಯಂತ್ರ ಲಾರಿಯಲ್ಲಿ ಬಂತು. ಅದನ್ನು ಕೂಡಿಸಿದ ಹುಬ್ಬಳ್ಳಿಯ ಮಿಸ್ತ್ರಿ ಅಂದಾನೆಪ್ಪನಿಗೆ ದಿನವೂ ನೋಡಿಕೊಳ್ಳುವ ಒಂದಾಳು ಬೇಕಿತ್ತು. ಕಾದ ಮಾಳಿಗೆ ನೋಡಿ ಗಂಡಸರು ಹಿಂದೆ ಸರಿದರು. ಕಾಳಿಬಾಯಿ ಪೊರಕೆ ಗೋಡೆಗೆ ಒರಗಿಸಿ ಏಣಿ ಹತ್ತಿದಳು.

ಅಂದಾನೆಪ್ಪ ಸಾವಕಾಶವಾಗಿ ಕಲಿಸಿದ. ಪಂಖವು ಕೆಳಗಿನ ಕಾದ ಗಾಳಿಯನ್ನು ಕೊಳವೆಯಿಂದ ಮೇಲೆ ಸೆಳೆಯುತ್ತದೆ. ಅದಕ್ಕೆ ಹೊರಗಿನ ಗಾಳಿಯನ್ನು ಸ್ವಲ್ಪ ಬೆರೆಸಿ, ತಣ್ಣನೆಯ ತಾಮ್ರದ ಸುರುಳಿಗಳ ಮೇಲೆ ಹಾಯಿಸಿ ಮತ್ತೆ ಕೆಳಗಟ್ಟುತ್ತದೆ. ಒಳಗೋಡೆಯ ಮೇಲಿನ ಅಂಗೈಯಗಲದ ಡಬ್ಬಿಯೊಂದು ಸಾಕಷ್ಟು ತಂಪಾದಾಗ ಸುರುಳಿ ತಣಿಸುವ ಯಂತ್ರವನ್ನು ನಿಲ್ಲಿಸುತ್ತದೆ, ಸೆಕೆ ಏರಿದರೆ ಎಬ್ಬಿಸುತ್ತದೆ. ಹೊರಗಿನ ಗಾಳಿ ಎಷ್ಟು ಬರಬೇಕೆಂಬುದು ಮಾತ್ರ ಒಂದು ತಗಡಿನ ಕದದ ಕೆಲಸ. ಅದನ್ನು ತೆರೆದು ಮುಚ್ಚುವುದು ಕಾಳಿಬಾಯಿ. ಸುಡು ಮಧ್ಯಾಹ್ನ ಕಡಿಮೆ, ಬೀಡಿ ಹೊಗೆ ಹೆಚ್ಚಾದರೆ ಜಾಸ್ತಿ.

ಪಂಖದ ಬೆಲ್ಟಿಗೆ ಸಿಕ್ಕೀತೆಂದು ಅವಳು ಕನ್ನಡಿ ಹೊಲಿದ ಅಗಲ ಲಂಗ ಬಿಟ್ಟು ಸಾದಾ ಸೀರೆ ಉಟ್ಟಳು. ತಾಂಡಾದ ಹಿರಿಯರಿಗೆ ಅದು ಸೇರಲಿಲ್ಲ. ಎರಡು ಹಬ್ಬಗಳಲ್ಲಿ ಯಾರೂ ಅವಳನ್ನು ಮಾತನಾಡಿಸಲಿಲ್ಲ. ಅತ್ತಳು, ಆದರೆ ಸೀರೆ ಬದಲಿಸಲಿಲ್ಲ.

ಹೋದ ಬೇಸಿಗೆಯ ಒಂದು ಭಾನುವಾರ ನಡೆದದ್ದನ್ನು ಅವಳಾಗಿ ಹೇಳುವುದಿಲ್ಲ; ಕೇಳಿದರೆ ಹೇಳುತ್ತಾಳೆ. ಮಧ್ಯಾಹ್ನದ ಆಟ, ಒಳಗೆ ಕಿಕ್ಕಿರಿದ ಜನ. ಪಕ್ಕದ ಬಯಲಿನ ಬಿದಿರಿನ ರಾಶಿಗೆ ಬೆಂಕಿ ಬಿತ್ತು. ಗಾಳಿ ನೇರ ಟಾಕೀಸಿನತ್ತ ಬೀಸುತ್ತಿತ್ತು. ಹೊಗೆ ಒಳಹೊಕ್ಕರೆ ಕತ್ತಲಲ್ಲಿ ಜನ ಒಬ್ಬರನ್ನೊಬ್ಬರು ತುಳಿದೇ ಸಾಯುತ್ತಿದ್ದರು. ಮಾಳಿಗೆಯ ಮೇಲಿದ್ದ ಕಾಳಿಬಾಯಿ ಓಡಿ ಹೊರಗಾಳಿಯ ಕದ ಮುಚ್ಚಿದಳು. ಚಿಲಕ ಮುರಿಯಿತು. ಪಂಖದ ಸೆಳೆತಕ್ಕೆ ಕದ ಒಳಗೆ ವಾಲಿ ತೆರೆಯತೊಡಗಿತು. ಪಂಖ ನಿಲ್ಲಿಸುವ ಸ್ವಿಚ್ಚು ಕೆಳಗಿತ್ತು. ಇಳಿದು ಹೋಗಿ ಬರುವಷ್ಟರಲ್ಲಿ ಹೊಗೆ ತುಂಬುತ್ತಿತ್ತು.

ಕಾದ ಹಿಡಿಕೆಯನ್ನು ಎರಡೂ ಕೈಯಿಂದ ಹೊರಕ್ಕೆ ಜಗ್ಗಿ ನಿಂತಳು. ಅಂಗಳದಲ್ಲಿ ಕಸ ಗುಡಿಸುತ್ತಿದ್ದ ಕೆಂಚವ್ವನಿಗೆ, ಜನರನ್ನು ಹೊರಗೆ ಕಳಿಸಿ ಪಂಖ ನಿಲ್ಲಿಸಲು ಹೇಳೆಂದು ಕೂಗಿದಳು. ಕೆಂಚವ್ವ ಚನಬಸಪ್ಪನವರಲ್ಲಿಗೆ ಓಡಿದಳು. ಅವರು ದೀಪ ಹಾಕಿಸಿ, ರೀಲು ಕೆಟ್ಟಿದೆಯೆಂದು ಸುಳ್ಳು ಹೇಳಿ, ಹೊಗೆಯಿಲ್ಲದ ಕಡೆಯ ಬಾಗಿಲಿನಿಂದ ಜನರನ್ನು ಕಳಿಸಿದರು. ಜನ ಗೊಣಗುತ್ತ ಹೊರಟರು. ಕೊನೆಯವರು ದಾಟುವವರೆಗೂ, ಪಂಖ ನಿಲ್ಲುವವರೆಗೂ ಕಾಳಿಬಾಯಿ ಹಿಡಿಕೆ ಬಿಡಲಿಲ್ಲ.

"ಕಣ್ಣ ಮುಚ್ಚಿದ್ದೆರೀ. ಕೆಮ್ಮ ಬಂದಾಗೊಮ್ಮೆ ಕೈ ಸಡಲಾಗತಿತ್ತು. ಕೆಳಗ ಕೂಸಗೋಳ ಅದಾವು ಅಂತ ಮತ್ತ ಜಗ್ಗತಿದ್ದೆ."

ಅಂಗೈ ಸುಟ್ಟು ಗುಳ್ಳೆ ಎದ್ದವು. ಎಡಗೈಯ ಎರಡು ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ಗಾಯ ಮಾಯ್ದ ಮೇಲೆ ಚನಬಸಪ್ಪನವರು ಇನ್ನು ಕೆಳಗೇ ಇರು, ಬಾಗಿಲು ಕಾಯುವ ಕೆಲಸ ಕೊಡುತ್ತೇನೆ ಎಂದರು. ಅವಳು ಒಪ್ಪಲಿಲ್ಲ.

"ನನ್ನ ಕೆಳಗ ಇಳಸಬ್ಯಾಡ್ರಿ, ಸ್ವಿಚ್ಚ ಮ್ಯಾಲ ತರಸ್ರಿ ಅಂದೆ."

ಅಂದಾನೆಪ್ಪ ಬಂದು ಮಾಳಿಗೆಯ ಮೇಲೆ ಸ್ವಿಚ್ಚು ಕೂಡಿಸಿದ, ಕದಕ್ಕೆ ದಪ್ಪ ಅಗುಳಿ ಹಾಕಿದ. ಅಂದಿನ ಪ್ರೇಕ್ಷಕರಲ್ಲಿ ಹಲವರು ಇವತ್ತಿಗೂ ರೀಲು ಕೆಟ್ಟಿತ್ತೆಂದೇ ನಂಬಿದ್ದಾರೆ. ಕಾಳಿಬಾಯಿಗೆ ಅದರ ಬಗ್ಗೆ ಬೇಸರವಿಲ್ಲ.

ಈಗ ಹಳಿಯಾಳದಲ್ಲಿ ಚನಬಸಪ್ಪನವರ ಇನ್ನೊಂದು ಟಾಕೀಸು ಏಳುತ್ತಿದೆ. ಅವರಿಂದ ನಿನಗೇನು ಬೇಕೆಂದು ಕೇಳಿದರೆ ಜಾಳಿಗೆಯ ನೀರು ಕೊಡವಿ, ಸ್ವಲ್ಪ ಯೋಚಿಸಿ ಹೇಳುತ್ತಾಳೆ:

"ಅಲ್ಲೆ ಯಂತ್ರಾ ಕೂಡಸೂ ಮೊದಲ ನನ್ನ ಒಂದ ದಿವಸ ಆ ಮಾಳಿಗಿ ಮ್ಯಾಲ ಬಿಡ್ರಿ. ಗಾಳಿ ಎತ್ತಾಗಿಂದ ಬರತೈತಿ, ಹೊಗಿ ಎತ್ತಾಗಿಂದ ಬರತೈತಿ ನೋಡತೇನಿ. ಆಮ್ಯಾಲ ಅಲ್ಲಿದನ್ನ ನೋಡಿಕೊಳ್ಳಾಕ ನಮ್ಮ ನಾದನಿ ಫೂಲಿಬಾಯಿಗೆ ಎಲ್ಲಾ ಕಲಸತೇನಿ. ಅಂಜಿಕಿ ಐತೇನಂತ ಆಕಿನ್ನ ಕೇಳಿದ್ದೆ. ಏಣಿ ಗಟ್ಟಿ ಐತೇನು ಅಂತ ತಿರಗಿ ನನ್ನನ್ನ ಕೇಳಿದಳ್ರಿ."